ಎಂ.ಜಿ. ರಸ್ತೆಯ ನೆಲದ ಬೆಲೆಯಲ್ಲಿ ಇಟಗಿಯ ಪಾಲು

ಬೆಂಗಳೂರಿನ ಅರಮನೆ ಮೈದಾನದ ಅಂಚಿನಲ್ಲಿ ಬಳ್ಳಾರಿ ರಸ್ತೆಯನ್ನೂ ಜಯಮಹಲ್ ರಸ್ತೆಯನ್ನೂ ಅಗಲ ಮಾಡಲು ಬೇಕಾದ ಜಾಗ 15 ಎಕರೆ 39 ಗುಂಟೆ. ಅದಕ್ಕೆ ಪ್ರತಿಯಾಗಿ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಕೊಡುವುದಾದರೆ ಮೌಲ್ಯ 3,000 ಕೋಟಿ ರೂಪಾಯಿ ದಾಟುತ್ತದೆ ಎಂದು 2025ರ ಆರಂಭದಲ್ಲಿ ರಾಜ್ಯ ಸರ್ಕಾರವೇ ಹೇಳಿತು. ಅಷ್ಟು ಭಾರ ಹೊರಲಾಗದು ಎಂಬ ಕಾರಣ ಕೊಟ್ಟು ಆ ಜಾಗದ ಬಳಕೆಯ ಬಗ್ಗೆ ಸುಗ್ರೀವಾಜ್ಞೆಯನ್ನೂ ತಂದಿತು. ಗುಂಟೆಯ ಲೆಕ್ಕಕ್ಕೆ ಇಳಿಸಿದರೆ ಒಂದೊಂದು ಗುಂಟೆಗೆ ನಾಲ್ಕೂವರೆ ಕೋಟಿಗೂ ಮೇಲೆ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳನ್ನು ನೋಡಿಕೊಳ್ಳುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ಘೋಷಣೆಯಾಗುತ್ತಿರುವ ವಾರ್ಷಿಕ ಅನುದಾನ 5,000 ಕೋಟಿ ರೂಪಾಯಿ. ರಾಜಧಾನಿಯ ಎರಡು ರಸ್ತೆಗಳ ಬದಿಯ ಹದಿನಾರು ಎಕರೆಗೆ ಕಟ್ಟಿದ ಬೆಲೆ ಏಳು ಜಿಲ್ಲೆಗಳ ಒಂದು ವರ್ಷದ ಅನುದಾನದ ಐದರಲ್ಲಿ ಮೂರು ಪಾಲು. ಆ ಜಾಗದ ಹಕ್ಕು ಯಾರದು, ಪರಿಹಾರ ಎಷ್ಟು ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ನಾಡಿನ ಜನ ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಹಿಂದಿನದು: ಆ ಮಣ್ಣಿಗೆ ಅಷ್ಟು ಬೆಲೆ ತಂದವರು ಯಾರು?

ಮೈದಾನದಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ ಬೆಂಗಳೂರಿನ ಕೇಂದ್ರ ವಾಣಿಜ್ಯ ಪ್ರದೇಶ ಸಿಗುತ್ತದೆ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಲ್ಯಾವೆಲ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ಯುಬಿ ಸಿಟಿ ಇರುವ ವಿಠಲ್ ಮಲ್ಯ ರಸ್ತೆ. ಬ್ಯಾಂಕು, ಕಂಪನಿ ಕಚೇರಿ, ತಾರಾ ಹೋಟೆಲು, ವಿದೇಶಿ ಬ್ರ್ಯಾಂಡಿನ ಮಳಿಗೆಗಳು ಒತ್ತಾಗಿ ನೆರೆದ ಕೆಲವೇ ಚದರ ಕಿಲೋಮೀಟರ್. ಈ ಪ್ರದೇಶದ ಸಿರಿಯನ್ನು ಅಲ್ಲಿನ ಉದ್ಯಮಿಗಳ ಜಾಣ್ಮೆಯ ಫಲವೆಂದು ನೋಡುವುದು ನಮಗೆ ರೂಢಿಯಾಗಿದೆ. ಜಾಣ್ಮೆಯ ಪಾಲು ಇದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅಂಗಡಿಯ ಲಾಭ ಬೇರೆ, ಅಂಗಡಿ ನಿಂತ ನೆಲದ ಬೆಲೆ ಬೇರೆ. ನೆಲದ ಬೆಲೆ ಏರಿದ್ದು ಸರ್ಕಾರದ ಸಾಲುಸಾಲು ತೀರ್ಮಾನಗಳಿಂದ, ದೂರದ ಜಿಲ್ಲೆಗಳ ನೀರು, ಕರೆಂಟು, ಅದಿರು ಮತ್ತು ದುಡಿಯುವ ಕೈಗಳಿಂದ. ಹಾಗಿದ್ದ ಮೇಲೆ ಆ ಏರಿಕೆಯಲ್ಲಿ ಒಂದು ಪಾಲು ಕಾನೂನಿನ ಪ್ರಕಾರ ಜಿಲ್ಲೆಗಳಿಗೆ ಮರಳಬೇಕು. ಈ ಮಾತನ್ನು ಕೊಪ್ಪಳ ಜಿಲ್ಲೆಯ ಇಟಗಿಯ ಕಡೆಯಿಂದ ಹೇಳಲು ಕಾರಣವಿದೆ. ಸಂಪತ್ತು ಎಲ್ಲಿ ನೆಲೆ ನಿಲ್ಲಬೇಕೆಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ ಎಂಬುದಕ್ಕೆ ಇಟಗಿ ಒಂಬೈನೂರು ವರ್ಷ ಹಳೆಯ ಕಲ್ಲಿನ ಸಾಕ್ಷಿ.

ಚಕ್ರವರ್ತಿ ಗುಡಿ ಹಳ್ಳಿಯಲ್ಲಿ ಎದ್ದದ್ದು

ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಈ ಗುಡಿಯನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಕನ್ನಡ ಸೀಮೆಯ ಚಾಲುಕ್ಯ ವಾಸ್ತುವನ್ನು ಊರೂರು ತಿರುಗಿ ದಾಖಲಿಸಿದ ಪುರಾತತ್ವಜ್ಞ ಹೆನ್ರಿ ಕಸಿನ್ಸ್, ಹಳೇಬೀಡನ್ನು ಬಿಟ್ಟರೆ ಈ ನಾಡಿನಲ್ಲಿ ಇದಕ್ಕೆ ಸಮನಾದುದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದ. ಗಮನಿಸಬೇಕಾದದ್ದು ಗುಡಿಯ ಚೆಲುವಿನಷ್ಟೇ ಅದು ನಿಂತ ಜಾಗವನ್ನು. ಆಗಿನ ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಇಟಗಿ ಅಲ್ಲಿಂದ ಬಹುದೂರ. ಸಾಮ್ರಾಜ್ಯದ ದೊಡ್ಡ ಅಧಿಕಾರಿಯೊಬ್ಬ ತನ್ನ ಸಂಪತ್ತನ್ನು ಕಲ್ಯಾಣದ ಅರಮನೆಯ ಬೀದಿಯಲ್ಲಿ ಸುರಿಯದೆ ಎರಿ ಭೂಮಿಯ ನಡುವಿನ ಈ ಊರಿಗೆ ತಂದು ಸುರಿದ. ಇಟಗಿ ಒಂಟಿಯೂ ಅಲ್ಲ. ಪಕ್ಕದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳ ಸಮೂಹವಿದೆ. ಗದಗ ಸೀಮೆಯ ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದಳು, ಮುಂದೆ ಅದೇ ಊರಿನಲ್ಲಿ ಕಾಶಿ ವಿಶ್ವೇಶ್ವರ ಗುಡಿ ಎದ್ದಿತು. ಡಂಬಳದಲ್ಲಿ ದೊಡ್ಡಬಸಪ್ಪ, ಅಣ್ಣಿಗೇರಿಯಲ್ಲಿ ಅಮೃತೇಶ್ವರ. ಆ ಕಾಲದ ಅತಿ ಉತ್ತಮ ಕಟ್ಟಡಗಳು ರಾಜಧಾನಿಯಿಂದ ದೂರದ ಬೇಸಾಯದ ಊರುಗಳಲ್ಲಿ, ಒಂದರಿಂದ ಒಂದಕ್ಕೆ ಹೆಚ್ಚು ದೂರವಿಲ್ಲದಂತೆ ಹರಡಿಕೊಂಡಿವೆ. ಆ ಕಾಲದ ಗುಡಿಯೆಂದರೆ ಬರೀ ಪೂಜೆಯ ಜಾಗವಲ್ಲ. ದತ್ತಿಯಾಗಿ ಬಂದ ಭೂಮಿ, ದೀಪಕ್ಕೆ ಎಣ್ಣೆ ಒದಗಿಸುವ ಗಾಣಿಗರು, ಹೂದೋಟದವರು, ಕಲ್ಲುಕುಟಿಗರು, ವಾದ್ಯ ನುಡಿಸುವವರು, ಮಠದಲ್ಲಿ ಓದುವವರು, ಪುಷ್ಕರಿಣಿಯ ನೀರು, ಇವೆಲ್ಲ ಸೇರಿದ ಊರಿನ ಆರ್ಥಿಕ ಕೇಂದ್ರ ಅದು. ಅಲ್ಲಿಗೆ ಬಂದ ಹಣ ಊರಿನೊಳಗೇ ಕೈಯಿಂದ ಕೈಗೆ ತಿರುಗುತ್ತಿತ್ತು.

ಇದನ್ನು ಕೇಳಿದ ಕೂಡಲೇ ಬರುವ ಆಕ್ಷೇಪ ನ್ಯಾಯವಾದದ್ದು. ಹನ್ನೆರಡನೆಯ ಶತಮಾನವನ್ನು ಸುವರ್ಣಯುಗವೆಂದು ಹೊಗಳಿ ಇಂದಿನ ರಾಜ್ಯಕ್ಕೆ ಮಾದರಿ ಮಾಡಲಾದೀತೇ? ಆ ಗುಡಿಯ ಹಿಂದೆ ಯುದ್ಧದ ಗಳಿಕೆಯಿತ್ತು, ಉಳುವವನ ಬೆವರಿನಿಂದ ಎತ್ತಿದ ತೆರಿಗೆಯಿತ್ತು, ಅಗ್ರಹಾರಗಳ ಭೂಮಿ ಯಾರ ಪಾಲಾಗಿತ್ತು, ಯಾರನ್ನು ಹೊರಗಿಟ್ಟಿತ್ತು ಎಂಬುದೂ ಗೊತ್ತಿರುವುದೇ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ಶರಣರು ಆ ವ್ಯವಸ್ಥೆಯನ್ನು ಪ್ರಶ್ನಿಸಿ ನಿಂತರು. ಆದ್ದರಿಂದ ಅಂದಿನ ಸಮಾಜಕ್ಕೆ ಮರಳಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಇಟಗಿಯಿಂದ ತೆಗೆದುಕೊಳ್ಳಬೇಕಾದ ಪಾಠ ಒಂದೇ, ಅದೂ ಸೀಮಿತವಾದದ್ದು. ಸಂಪತ್ತು ರಾಜಧಾನಿಯ ನಡುಮಧ್ಯದಲ್ಲಿ ಗುಡ್ಡೆಯಾಗುವುದು ನೀರು ತಗ್ಗಿಗೆ ಹರಿದಷ್ಟು ಸಹಜವೆಂದು ಇಂದು ನಂಬಿಸಲಾಗುತ್ತಿದೆ. ಅದು ಸಹಜವಾಗಿದ್ದರೆ ಮಹಾದೇವನ ಗುಡಿ ಇಟಗಿಯಲ್ಲಿ ಇರುತ್ತಿರಲಿಲ್ಲ. ಆ ಕಾಲದ ಅಧಿಕಾರ, ಧರ್ಮ, ದತ್ತಿಯ ಕಟ್ಟುಪಾಡುಗಳು ಹಣವನ್ನು ಊರುಗಳ ಕಡೆ ತಿರುಗಿಸಿದವು. ನಮ್ಮ ಕಾಲದ ಕಟ್ಟುಪಾಡುಗಳು ಅದನ್ನು ಬೆಂಗಳೂರಿನ ಕೆಲವು ರಸ್ತೆಗಳ ಕಡೆ ತಿರುಗಿಸಿವೆ. ಪ್ರಜಾಪ್ರಭುತ್ವದಲ್ಲಿ ಕಟ್ಟುಪಾಡು ಬದಲಿಸುವ ಅಧಿಕಾರ ಜನರದು.

ಬೆಲೆ ಬಂದದ್ದು ಎಲ್ಲಿಂದ

ಬೆಂಗಳೂರಿನ ಹಳೆಯ ವ್ಯಾಪಾರದ ಕೇಂದ್ರ ಕೆಂಪೇಗೌಡ 1537ರಲ್ಲಿ ಕಟ್ಟಿದ ಪೇಟೆ. ಅರಳೆಪೇಟೆ, ಚಿಕ್ಕಪೇಟೆ, ಅಕ್ಕಿಪೇಟೆಗಳಲ್ಲಿ ವ್ಯಾಪಾರ ಬೆಳೆದದ್ದು ವರ್ತಕರಿಂದ, ನೇಕಾರರಿಂದ. ಇಂದಿನ ಕೇಂದ್ರ ವಾಣಿಜ್ಯ ಪ್ರದೇಶದ ಹುಟ್ಟು ಹಾಗಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಸುತ್ತ ದಂಡು ನೆಲೆಗೊಳಿಸಿದರು, ಸೇನೆಯ ಕವಾಯತು ಮೈದಾನದ ಪಕ್ಕದ ಸೌತ್ ಪರೇಡ್ ರಸ್ತೆಯೇ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ಬ್ರಿಟಿಷ್ ಕಮಿಷನರರು ಆಡಳಿತದ ಕೇಂದ್ರವನ್ನು ಬೆಂಗಳೂರಿಗೆ ತಂದರು. 1868ರಲ್ಲಿ ಅಠಾರ ಕಚೇರಿ, 1870ರಲ್ಲಿ ಕಬ್ಬನ್ ಪಾರ್ಕ್, 1905ರಲ್ಲಿ ಶಿವನಸಮುದ್ರದ ವಿದ್ಯುತ್ ದೀಪ, 1956ರಲ್ಲಿ ವಿಧಾನಸೌಧ. ವಿಧಾನಸೌಧ ಮುಗಿದ ವರ್ಷವೇ, ನವೆಂಬರ್ 1ರಂದು, ನಿಜಾಮನ ಹಿಡಿತದಿಂದ 1948ರಲ್ಲಷ್ಟೇ ಬಿಡುಗಡೆಯಾಗಿದ್ದ ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್ ಸೀಮೆಗಳು ವಿಶಾಲ ಮೈಸೂರಿಗೆ ಸೇರಿದವು. ಅಂದಿನಿಂದ ಇಟಗಿಯ ರೈತನ ಕಾಗದಪತ್ರಗಳೂ ಕಬ್ಬನ್ ಪಾರ್ಕಿನ ಸುತ್ತಲಿನ ಕಚೇರಿಗಳಿಗೆ ಹೋಗತೊಡಗಿದವು. ಒಂದು ಊರಿನ ನಡುವಿಗೆ ಇಡೀ ರಾಜ್ಯದ ವ್ಯವಹಾರ ಬಂದು ಸೇರಿದರೆ ಅದರ ಸುತ್ತ ವಕೀಲರು, ಲೆಕ್ಕಪರಿಶೋಧಕರು, ಬ್ಯಾಂಕುಗಳು, ಗುತ್ತಿಗೆದಾರರು, ಹೋಟೆಲುಗಳು ಸೇರುತ್ತವೆ, ಬಾಡಿಗೆ ಏರುತ್ತದೆ. ಹೀಗೆ ಏರಿದ ಬೆಲೆಯ ಮೊದಲ ಹೂಡಿಕೆದಾರ ಸರ್ಕಾರ, ಅಂದರೆ ನಾಡಿನ ಜನ.

ಹೂಡಿಕೆ ಅಲ್ಲಿಗೇ ನಿಲ್ಲಲಿಲ್ಲ. ಹಿಂದೂಸ್ತಾನ್ ಏರೋನಾಟಿಕ್ಸ್‌ನ ಬೀಜ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ. ಈ ಸಾರ್ವಜನಿಕ ಕಾರ್ಖಾನೆಗಳು ತರಬೇತಿ ಕೊಟ್ಟ ತಂತ್ರಜ್ಞರ ಮೇಲೆಯೇ ಮುಂದೆ ಖಾಸಗಿ ತಂತ್ರಜ್ಞಾನ ಉದ್ಯಮ ನಿಂತಿತು. ಕುಡಿಯುವ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರಲಾಗುತ್ತದೆ. 1974ರಲ್ಲಿ ಶುರುವಾದ ಈ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆ ಪಂಪುಗಳಿಗೂ, ಗಾಜಿನ ಕಟ್ಟಡಗಳ ಹವಾನಿಯಂತ್ರಣಕ್ಕೂ ಬೇಕಾದ ವಿದ್ಯುತ್ತಿನಲ್ಲಿ ದೊಡ್ಡ ಪಾಲನ್ನು 1985ರಿಂದ ದಶಕಗಳ ಕಾಲ ಕೊಟ್ಟದ್ದು ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ. ಅದರ ಹಾರುಬೂದಿ ಬಿದ್ದದ್ದು ಕೃಷ್ಣೆಯ ದಂಡೆಯ ಊರುಗಳ ಮೇಲೆ. ಇಂದು ಯಲಬುರ್ಗಾ, ಕುಷ್ಟಗಿ, ಕುಕನೂರು ಕಡೆಯ ಎರಿ ಹೊಲಗಳಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಆ ಕರೆಂಟು ಗ್ರಿಡ್ ಸೇರಿ ಹೊರಟುಹೋಗುತ್ತದೆ. ಕಟ್ಟಡಗಳ ಕಬ್ಬಿಣಕ್ಕೆ ಬಳ್ಳಾರಿ, ಸಂಡೂರಿನ ಗುಡ್ಡಗಳನ್ನು ಅಗೆಯಲಾಯಿತು. ಆ ಕಟ್ಟಡಗಳ ಕಾಂಕ್ರೀಟು ಹೊತ್ತವರಲ್ಲಿ ಕೊಪ್ಪಳ, ರಾಯಚೂರು, ಯಾದಗಿರಿಯಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೋದವರು ಇದ್ದಾರೆ. ಮನೆಗೆ ಬೀಗ ಹಾಕಿ, ವಯಸ್ಸಾದವರನ್ನು ಊರಲ್ಲಿ ಬಿಟ್ಟು, ಮಕ್ಕಳ ಶಾಲೆ ಬಿಡಿಸಿ ಹೋದ ಆ ಸಂಸಾರಗಳು ಕಟ್ಟಡ ಮುಗಿದ ದಿನ ಮುಂದಿನ ಕೆಲಸದ ಜಾಗಕ್ಕೆ ಹೊರಟವು. ಅವರು ಕಟ್ಟಿದ ಗೋಡೆಯ ಬೆಲೆ ವರ್ಷವರ್ಷವೂ ಏರಿತು, ಅವರಿಗೆ ದಕ್ಕಿದ್ದು ಆ ದಿನದ ಪಗಾರ ಮಾತ್ರ.

ಸಾರಿಗೆಯ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ನಮ್ಮ ಮೆಟ್ರೊ ಮೊಟ್ಟಮೊದಲು ಓಡಿದ್ದು 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಬಂಡವಾಳ, ಸರ್ಕಾರ ಜವಾಬ್ದಾರಿ ಹೊತ್ತ ಸಾಲ ಸೇರಿ ಆದ ಕೆಲಸ ಅದು. ನಿಲ್ದಾಣದ ಸುತ್ತಲಿನ ಜಾಗದ ಮಾಲೀಕರು ಒಂದು ಬುಟ್ಟಿ ಮಣ್ಣು ಹೊರದೆಯೇ ಅವರ ಆಸ್ತಿಯ ಬೆಲೆ ಏರಿತು. ಮುಂದೆ ರೆಸಿಡೆನ್ಸಿ, ಸೇಂಟ್ ಮಾರ್ಕ್ಸ್, ಕನ್ನಿಂಗ್‌ಹ್ಯಾಂ, ವಿಠಲ್ ಮಲ್ಯ ರಸ್ತೆಗಳನ್ನು ಟೆಂಡರ್‌ಶ್ಯೂರ್ ಹೆಸರಿನಲ್ಲಿ ಸರ್ಕಾರದ ಹಣದಿಂದಲೇ ಅಗೆದು, ಪೈಪು, ಕೇಬಲ್ಲುಗಳನ್ನು ನೆಲದಡಿ ಹಾಕಿ, ಅಗಲವಾದ ಪಾದಚಾರಿ ಮಾರ್ಗ ಮಾಡಿ ಕೊಡಲಾಯಿತು. ಇದೇ ಅವಧಿಯಲ್ಲಿ ಗದಗ–ವಾಡಿ ರೈಲು ಮಾರ್ಗಕ್ಕಾಗಿ ಕುಕನೂರು, ಯಲಬುರ್ಗಾ, ಕುಷ್ಟಗಿಯ ಜನ ಕಾಯುತ್ತಲೇ ಇದ್ದರು. ತಳಕಲ್‌ನಿಂದ ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಮೆಟ್ರೊ ಬೇಡವಾಗಿತ್ತು ಎಂದು ಯಾರೂ ಹೇಳಲಾರರು. ಲಕ್ಷಾಂತರ ದುಡಿಯುವ ಜನ ಅದರಲ್ಲಿ ಓಡಾಡುತ್ತಾರೆ. ಆದರೆ ಸಾರ್ವಜನಿಕ ಹಣ ಒಂದು ಜಾಗದ ಬೆಲೆ ಏರಿಸಿದಾಗ ಆ ಏರಿಕೆಯೆಲ್ಲ ಖಾಸಗಿಯಾಗಿ ಉಳಿಯುವುದನ್ನು ಒಪ್ಪುವುದು ಕಷ್ಟ.

ಬೆಂಗಳೂರೇ ಎಲ್ಲರನ್ನೂ ಸಾಕುತ್ತಿದೆಯೇ

ಇಲ್ಲಿ ಎದುರಾಗುವ ಬಲವಾದ ವಾದವೆಂದರೆ ಬೆಂಗಳೂರೇ ರಾಜ್ಯವನ್ನು ಸಾಕುತ್ತಿದೆ ಎಂಬುದು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದಕ್ಕೂ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯದು. ತಲಾ ಆದಾಯದಲ್ಲಿ ಬೆಂಗಳೂರು ನಗರ ಮೇಲ್ತುದಿಯಲ್ಲೂ ಕಲಬುರಗಿ ಕೆಳತುದಿಯಲ್ಲೂ ಇರುವುದನ್ನು ರಾಜ್ಯದ ಆರ್ಥಿಕ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಕೊಡುವವರನ್ನೇ ಇನ್ನಷ್ಟು ಕೇಳುವುದು ಸರಿಯೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಉತ್ತರ ಹುಡುಕುವ ಮೊದಲು ಈ ಅಂಕಿಗಳು ಏನನ್ನು ಅಳೆಯುತ್ತವೆ ಎಂದು ನೋಡಬೇಕು. ಕಾರ್ಖಾನೆ ಒಂದು ಕಡೆ, ನೋಂದಾಯಿತ ಕಚೇರಿ ಇನ್ನೊಂದು ಕಡೆ ಇದ್ದಾಗ ಲಾಭ ಮತ್ತು ತೆರಿಗೆಯ ಲೆಕ್ಕ ಬಹುಮಟ್ಟಿಗೆ ಕಚೇರಿಯ ವಿಳಾಸದಲ್ಲೇ ಕಾಣಿಸಿಕೊಳ್ಳುತ್ತದೆ. ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸುವ ಕರ್ನಾಟಕ ವಿದ್ಯುತ್ ನಿಗಮದ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ಶಕ್ತಿಭವನದಲ್ಲಿ. ಅಲ್ಲಿನ ಹಿರಿಯ ಅಧಿಕಾರಿಗಳ ಸಂಬಳ, ಸಲಹೆಗಾರರ ಶುಲ್ಕ, ಬ್ಯಾಂಕಿನ ವ್ಯವಹಾರ ಬೆಂಗಳೂರಿನ ಉತ್ಪನ್ನವಾಗಿ ಎಣಿಕೆಯಾಗುತ್ತವೆ. ಬೂದಿ ರಾಯಚೂರಿನಲ್ಲಿ ಉಳಿಯುತ್ತದೆ. ನಗರ ತಾನಾಗಿ ಗಳಿಸಿದ್ದು ನಿಜವಾಗಿಯೂ ದೊಡ್ಡದು. ಆದರೆ ಅದರ ಲೆಕ್ಕದ ಪುಸ್ತಕದಲ್ಲಿ ಬೇರೆಯವರ ಗಳಿಕೆಯೂ ಸೇರಿದೆ.

ಕರ್ನಾಟಕವೇ ದೆಹಲಿಯ ಮುಂದೆ ಮಂಡಿಸುವ ವಾದವನ್ನು ಇಲ್ಲಿ ನೆನೆಯಬೇಕು. ಹದಿನಾಲ್ಕನೆಯ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ರಾಜ್ಯದ ತೆರಿಗೆ ಪಾಲು ಹದಿನೈದನೆಯ ಆಯೋಗದಲ್ಲಿ ಶೇ 3.647ಕ್ಕೆ ಇಳಿದಾಗ ರಾಜ್ಯ ಅನ್ಯಾಯವೆಂದಿತು. 2024ರ ಫೆಬ್ರುವರಿ 7ರಂದು ಸಚಿವ ಸಂಪುಟವೇ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. ಹೆಚ್ಚು ದುಡಿಯುವವನಿಗೆ ಹೆಚ್ಚು ಮರಳಬೇಕು ಎಂಬುದು ಆ ಧರಣಿಯ ತಿರುಳು. ಹಾಗಾದರೆ ಅದೇ ತತ್ವದ ಪ್ರಕಾರ ಬೆಂಗಳೂರಿನ ಹಣ ಬೆಂಗಳೂರಿಗೇ ಉಳಿಯಬೇಕಲ್ಲವೇ ಎಂದು ಕೇಳಬಹುದು. ಈ ಎರಡು ಸಂದರ್ಭಗಳ ನಡುವೆ ಒಂದು ವ್ಯತ್ಯಾಸವಿದೆ. ಕರ್ನಾಟಕ ತನ್ನ ಏಳಿಗೆಯ ದಾರಿಯನ್ನು ತಾನೇ ಆರಿಸಿಕೊಳ್ಳಬಲ್ಲ, ತನ್ನದೇ ಶಾಸನಸಭೆಯಿರುವ ರಾಜ್ಯ. ಯಲಬುರ್ಗಾ ತಾಲ್ಲೂಕಿಗೆ ಅಂಥ ಅಧಿಕಾರವಿಲ್ಲ. ವಿಶ್ವವಿದ್ಯಾಲಯ, ನೀರಾವರಿ, ಆಸ್ಪತ್ರೆ ಎಲ್ಲಿ ಬರಬೇಕೆಂದು ತೀರ್ಮಾನಿಸಿದ್ದು ವಿಧಾನಸೌಧ. ತನ್ನ ತೀರ್ಮಾನಗಳಿಂದಲೇ ಒಂದು ಜಾಗವನ್ನು ಸಿರಿವಂತವನ್ನಾಗಿಯೂ ಇನ್ನೊಂದನ್ನು ಹಿಂದುಳಿದದ್ದಾಗಿಯೂ ಮಾಡಿದ ಸರ್ಕಾರಕ್ಕೆ ಅದನ್ನು ಸರಿಪಡಿಸುವ ಹೊಣೆಯೂ ಇರುತ್ತದೆ. ದೆಹಲಿಯಿಂದ ನ್ಯಾಯ ಕೇಳುವ ರಾಜ್ಯ ತನ್ನ ಮನೆಯೊಳಗೆ ಅದೇ ನ್ಯಾಯವನ್ನು ಪಾಲಿಸಿದರೆ ಅದರ ಮಾತಿಗೆ ತೂಕವೂ ಹೆಚ್ಚುತ್ತದೆ.

ಅರ್ಥಶಾಸ್ತ್ರಜ್ಞರ ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಉದ್ಯಮಗಳು ಒಂದೆಡೆ ಒತ್ತಾಗಿ ಸೇರಿದಾಗ ಕೌಶಲ ಹಂಚಿಕೆಯಾಗುತ್ತದೆ, ಪೂರೈಕೆದಾರರು ಹತ್ತಿರ ಸಿಗುತ್ತಾರೆ, ಹೊಸ ವಿಚಾರಗಳು ಬೇಗ ಹರಡುತ್ತವೆ ಎಂದು ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ವಿವರಿಸಿದ್ದ. ಆ ಸಾಂದ್ರತೆಯನ್ನು ಬಲವಂತವಾಗಿ ಚದುರಿಸಿದರೆ ಎಲ್ಲರೂ ಬಡವರಾಗುತ್ತಾರೆ, ಕಂಪನಿಗಳು ಹೈದರಾಬಾದಿಗೋ ಚೆನ್ನೈಗೋ ಹೋಗುತ್ತವೆ ಎಂಬುದು ಭಯ. ಮಾರ್ಷಲ್ ಹೇಳಿದ್ದು ಸರಿ. ಆದ್ದರಿಂದಲೇ ಇಲ್ಲಿನ ಬೇಡಿಕೆ ಕಂಪನಿಯ ಆದಾಯದ ಮೇಲೆ ಹೊಸ ತೆರಿಗೆಯನ್ನಾಗಲಿ, ಅವನ್ನು ಎತ್ತಿ ಕೊಪ್ಪಳಕ್ಕೆ ತರುವುದನ್ನಾಗಲಿ ಕೇಳುವುದಿಲ್ಲ. ಕೇಳುವುದು ನೆಲದ ಬೆಲೆಯ ಏರಿಕೆಯಲ್ಲಿ ಪಾಲನ್ನು. ಕಂಪನಿ ಊರು ಬಿಟ್ಟು ಹೋಗಬಹುದು, ಲ್ಯಾವೆಲ್ ರಸ್ತೆಯ ನೆಲ ಎಲ್ಲಿಗೂ ಹೋಗಲಾರದು. ನೆಲದ ಬಾಡಿಗೆ ಮಾಲೀಕನ ದುಡಿಮೆಯ ಫಲವಲ್ಲ ಎಂಬ ವಿಚಾರವನ್ನು 1817ರಲ್ಲಿ ಡೇವಿಡ್ ರಿಕಾರ್ಡೊ ಮುಂದಿಟ್ಟ, 1879ರಲ್ಲಿ ಹೆನ್ರಿ ಜಾರ್ಜ್ ಅದರ ಮೇಲೆಯೇ ಇಡೀ ತೆರಿಗೆ ನೀತಿಯನ್ನು ಕಟ್ಟಿದ. ದುಡಿಮೆಯ ಮೇಲೆ ತೆರಿಗೆ ಹಾಕಿದರೆ ದುಡಿಮೆ ಕುಗ್ಗಬಹುದು. ನೆಲದ ಬೆಲೆಯ ಮೇಲೆ ಹಾಕಿದರೆ ನೆಲ ಕುಗ್ಗುವುದಿಲ್ಲ. ಬದಲಾಗಿ, ಬೆಲೆ ಏರಲೆಂದು ಖಾಲಿ ಬಿಟ್ಟ ಜಾಗ ಬಳಕೆಗೆ ಬರುತ್ತದೆ, ಉದ್ಯಮಕ್ಕೂ ಅದರಿಂದ ಅನುಕೂಲ.

ಕೊಟ್ಟ ಹಣವನ್ನೇ ಖರ್ಚು ಮಾಡಿಲ್ಲ ಎಂಬ ಮಾತು

ಹಿಂದುಳಿದ ಪ್ರದೇಶಕ್ಕೆ ಈಗಾಗಲೇ ಸಾಕಷ್ಟು ಕೊಡಲಾಗುತ್ತಿದೆ, ಕೊಟ್ಟದ್ದೇ ಖರ್ಚಾಗದೆ ಉಳಿಯುತ್ತಿದೆ ಎಂಬ ಮಾತು ಬೆಂಗಳೂರಿನಲ್ಲಷ್ಟೇ ಅಲ್ಲ, ನಮ್ಮ ಭಾಗದಲ್ಲೂ ಕೇಳುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಯಲಬುರ್ಗಾ ಮತ್ತು ಕುಷ್ಟಗಿ ಆ ಪಟ್ಟಿಯಲ್ಲಿದ್ದವು. ಸಮಿತಿ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಹೂಡಬೇಕೆಂದು ಹೇಳಿತು. ಆಮೇಲೆ ಸಂವಿಧಾನದ 98ನೆಯ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, ಮಂಡಳಿ ಬಂತು, ನೇಮಕಾತಿಯಲ್ಲಿ ಮೀಸಲು ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಇಷ್ಟಾದರೂ 2024ರಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ನೇಮಿಸಬೇಕಾಯಿತು. ಹಣ ಉಳಿಯುವುದೂ ನಿಜ, ಉಳಿದದ್ದಕ್ಕೆ ಇಲ್ಲಿನ ಜನಪ್ರತಿನಿಧಿಗಳು ಉತ್ತರ ಕೊಡಬೇಕಾದದ್ದೂ ನಿಜ. ಆದರೆ ಖರ್ಚು ಮಾಡಲು ಎಂಜಿನಿಯರು, ವೈದ್ಯ, ಶಿಕ್ಷಕ, ಗ್ರಾಮ ಆಡಳಿತಾಧಿಕಾರಿ ಇರಬೇಕು. ಹುದ್ದೆಗಳು ಖಾಲಿ ಬಿದ್ದಿರುವಾಗ, ಕ್ರಿಯಾಯೋಜನೆಯ ಮಂಜೂರಾತಿ ರಾಜಧಾನಿಯ ಮೇಜುಗಳ ಮೇಲೆ ತಿಂಗಳುಗಟ್ಟಲೆ ಕೂತಿರುವಾಗ, ಮಾರ್ಚ್ ಹತ್ತಿರ ಬಂದ ಹಣವನ್ನು ಯಾರು, ಹೇಗೆ ಖರ್ಚು ಮಾಡಬೇಕು? ಬಜೆಟ್ಟಿನ ಘೋಷಣೆ ವರ್ಷದ ಕೃಪೆಯ ಮೇಲೆ ನಿಂತಿದೆ. ಕೃಪೆ ಎಷ್ಟು ಬೇಗ ಮುಗಿಯುತ್ತದೆ ಎಂಬುದಕ್ಕೆ ಇಟಗಿಯ ಹತ್ತಿರವೇ ಉದಾಹರಣೆಯಿದೆ. ತಳಕಲ್‌ನಲ್ಲಿ 2023ರಲ್ಲಿ ಶುರುವಾದ ಕೊಪ್ಪಳ ವಿಶ್ವವಿದ್ಯಾಲಯವನ್ನು ಎರಡೇ ವರ್ಷದಲ್ಲಿ ಆರ್ಥಿಕ ಹೊರೆಯೆಂದು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು.

ಕೈಗಾರಿಕೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಕೊಪ್ಪಳಕ್ಕೆ ಕೈಗಾರಿಕೆ ಬಂದಿದೆ. ಗಿಣಿಗೇರಿ, ಬೇವಿನಹಳ್ಳಿಗಳಲ್ಲಿ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ಭಾನಾಪುರದಲ್ಲಿ 2021ರಲ್ಲಿ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಕಿನ್ನಾಳದ ಗೊಂಬೆಗಳಿಂದ ಹೆಸರಾದ ಸೀಮೆಗೆ ಆಟಿಕೆಯ ಉದ್ಯಮ ಒಪ್ಪುವಂಥದ್ದೇ. ಆದರೆ 2025ರಲ್ಲಿ ಕೊಪ್ಪಳ ನಗರದ ಮಗ್ಗುಲಲ್ಲೇ ಉಕ್ಕು ಕಾರ್ಖಾನೆಯ ದೊಡ್ಡ ವಿಸ್ತರಣೆ ಬರುವುದೆಂದಾಗ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಊರಿಗೆ ಊರೇ ಬೀದಿಗಿಳಿದದ್ದು ಯಾಕೆ? ಉಸಿರಾಡುವ ಗಾಳಿಯಲ್ಲಿ ಹೊಗೆ, ಧೂಳು ಇಲ್ಲಿಯವರಿಗೆ, ಅದರಿಂದ ಹುಟ್ಟುವ ಆಸ್ತಿಯ ಬೆಲೆ ಬೇರೆಲ್ಲೋ ಏರುವುದು ಎಂಬ ಅನುಭವ ಜನಕ್ಕೆ ಇದೆ. ಹೊಗೆಯನ್ನು ಜಿಲ್ಲೆಗೂ ಕಚೇರಿಯನ್ನು ರಾಜಧಾನಿಗೂ ಹಂಚುವ ಕೈಗಾರಿಕೀಕರಣ ಅಸಮಾನತೆಯನ್ನು ಕಡಿಮೆ ಮಾಡಲಾರದು. ಹಾಗೆಯೇ ಈ ವಾದವನ್ನು ಬೆಂಗಳೂರಿನ ಜನರ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಕೇಂದ್ರ ಪ್ರದೇಶದ ಕಾವಲು ಕಾಯುವವರು, ಕಸ ಗುಡಿಸುವವರು, ಹೋಟೆಲಿನ ಪಾತ್ರೆ ತೊಳೆಯುವವರು ಆ ನೆಲದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿಯಲಾರದೆ ದೂರದ ಬಡಾವಣೆಗಳಿಂದ ಬರುತ್ತಾರೆ. ನೆಲದ ಬೆಲೆ ಅವರನ್ನೂ ಹೊರಗಟ್ಟಿದೆ. ಅವರ ಹಿತವೂ ಇಟಗಿಯ ಹಿತವೂ ಒಂದೇ ದಿಕ್ಕಿನಲ್ಲಿವೆ.

ಆಗಬೇಕಾದ ಕೆಲಸ

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ಯಾವ ಹಣ ಯಾರದು ಎಂಬ ಗೆರೆ ಸ್ಪಷ್ಟವಾಗಬೇಕು. ಆಸ್ತಿ ತೆರಿಗೆ ನಗರದ್ದು, ಅದು ನಗರದಲ್ಲೇ ಉಳಿಯಲಿ. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 2025ರಲ್ಲಿ ನಗರ ಐದು ಪಾಲಿಕೆಗಳಾಗಿದೆ. ಸಿರಿವಂತ ರಸ್ತೆಗಳಿರುವ ಕೇಂದ್ರ ಪಾಲಿಕೆಯ ಆದಾಯ ಅಂಚಿನ ಪಾಲಿಕೆಗಳ ಬಡ ಬಡಾವಣೆಗಳಿಗೂ ತಲುಪುವಂತೆ ನೋಡಿಕೊಳ್ಳುವುದು ನಗರದೊಳಗಿನ ನ್ಯಾಯ. ರಾಜ್ಯದ ಪಾಲು ಬೇರೆ. ಆಸ್ತಿ ಕೈ ಬದಲಿಸುವಾಗ ಬರುವ ಮುದ್ರಾಂಕ ಶುಲ್ಕ, ಹೆಚ್ಚುವರಿ ಮಹಡಿ ಕಟ್ಟಲು ಕೊಡುವ ಅನುಮತಿಯ ಶುಲ್ಕ, ಮೆಟ್ರೊದಂಥ ಸಾರ್ವಜನಿಕ ಯೋಜನೆಯಿಂದ ಏರಿದ ಬೆಲೆಯ ಮೇಲಿನ ಸುಧಾರಣಾ ಶುಲ್ಕ, ನಗರದ ನಡುವಿನ ಸರ್ಕಾರಿ ನೆಲವನ್ನು ಕ್ಲಬ್ಬು, ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟದ್ದರ ಬಾಡಿಗೆ, ಇವುಗಳಲ್ಲಿ ಗೊತ್ತುಪಡಿಸಿದ ಒಂದು ಪಾಲು ನೇರವಾಗಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ನಿಧಿಗೆ ಹೋಗಬೇಕು. ಪಾಲು ಎಷ್ಟು ಎಂಬುದು ಬಜೆಟ್ ಭಾಷಣದಲ್ಲಿ ವರ್ಷಕ್ಕೊಮ್ಮೆ ಬದಲಾಗಬಾರದು, ಶಾಸನದಲ್ಲಿ ಬರೆದಿರಬೇಕು. ನಿಧಿಯ ಹಂಚಿಕೆ ಸಾಕ್ಷರತೆ, ಶಿಶು ಮರಣ, ನೀರಾವರಿ, ಗುಳೆಯ ಪ್ರಮಾಣದಂಥ ಅಳತೆಗಳ ಮೇಲೆ ನಡೆಯಬೇಕು. ಖರ್ಚಿನ ಲೆಕ್ಕ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರಬೇಕು, ಹಣದ ಜೊತೆಗೆ ಹುದ್ದೆಗಳ ಭರ್ತಿಯೂ ಕಾನೂನಿನ ಷರತ್ತಾಗಬೇಕು.

ಹಣದಷ್ಟೇ ಮುಖ್ಯ ಅಧಿಕಾರದ ಜಾಗ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಚಳಿಗಾಲದ ಅಧಿವೇಶನದ ದಿನಗಳನ್ನು ಬಿಟ್ಟರೆ ಅಲ್ಲಿ ತೀರ್ಮಾನಗಳು ನಡೆಯುವುದು ಕಡಿಮೆ. ಕಲಬುರಗಿಯ ಹೈಕೋರ್ಟ್ ಪೀಠದ ಅನುಭವ ಇದಕ್ಕಿಂತ ಭಿನ್ನ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಮೇಲೆ ಆ ಭಾಗದ ಕಕ್ಷಿದಾರರಿಗೆ ಬೆಂಗಳೂರಿನ ಪ್ರಯಾಣ ತಪ್ಪಿತು, ಅಲ್ಲೇ ವಕೀಲ ವೃತ್ತಿ ಬೆಳೆಯಿತು. ನಿಜವಾದ ಅಧಿಕಾರ ಬಂದಲ್ಲಿ ಅದರ ಸುತ್ತ ಬದುಕೂ ಬೆಳೆಯುತ್ತದೆ ಎಂಬುದಕ್ಕೆ ಇದು ಕಣ್ಣೆದುರಿನ ಪುರಾವೆ. ಒಣಬೇಸಾಯ, ಜಲಾನಯನ, ನವೀಕರಿಸಬಹುದಾದ ಇಂಧನ, ಪುರಾತತ್ವ ಮುಂತಾದ ಇಲಾಖೆಗಳ ನಿರ್ದೇಶನಾಲಯಗಳು ತಮ್ಮ ಕೆಲಸ ಎಲ್ಲಿದೆಯೋ ಅಲ್ಲಿರಬಹುದು. ಜೋಳ, ಕಡಲೆ ಬೆಳೆಯುವ ಎರಿ ಸೀಮೆಯ ಬೇಸಾಯದ ತೀರ್ಮಾನ ಎರಿ ಸೀಮೆಯ ಊರಿನಿಂದಲೇ ಹೊರಡುವುದರಲ್ಲಿ ಯಾವ ತಾಂತ್ರಿಕ ಅಡ್ಡಿಯೂ ಇಂದು ಉಳಿದಿಲ್ಲ. ಕಡತಗಳು ಕಂಪ್ಯೂಟರಿನಲ್ಲಿ ಓಡಾಡುತ್ತಿವೆ.

ಇಂಥ ವ್ಯವಸ್ಥೆ ಲೋಕದಲ್ಲಿ ಹೊಸದೂ ಅಲ್ಲ. ಮುಂಬೈನಲ್ಲಿ ಬಾಂದ್ರಾ–ಕುರ್ಲಾ ಸಂಕೀರ್ಣದ ಸರ್ಕಾರಿ ನೆಲವನ್ನು ಗುತ್ತಿಗೆಗೆ ಕೊಟ್ಟು ಬಂದ ಹಣವನ್ನು ಮಹಾನಗರ ಪ್ರಾಧಿಕಾರ ಇಡೀ ಮಹಾನಗರ ಪ್ರದೇಶದ ರಸ್ತೆ, ಸಾರಿಗೆಗೆ ಬಳಸಿತು. ಒಂದು ಸಿರಿವಂತ ತುಂಡು ನೆಲದ ಬೆಲೆ ಸುತ್ತಲಿನ ದೊಡ್ಡ ಪ್ರದೇಶಕ್ಕೆ ಹಂಚಿಕೆಯಾಗುವುದು ಸಾಧ್ಯವೆಂದು ಅದು ತೋರಿಸಿತು. ಜಪಾನ್ 2008ರಲ್ಲಿ ಫುರುಸಾಟೊ ನೊಜೆಯಿ ಎಂಬ ಪದ್ಧತಿ ತಂದಿತು. ಟೋಕಿಯೊದಲ್ಲಿ ದುಡಿಯುವವರು ತಮ್ಮ ಸ್ಥಳೀಯ ತೆರಿಗೆಯ ಒಂದು ಭಾಗವನ್ನು ಹುಟ್ಟಿದೂರಿಗೋ ತಮಗೆ ಬೇಕಾದ ಬೇರೆ ಊರಿಗೋ ಕಳಿಸಬಹುದು. ಅದರಲ್ಲೂ ದೋಷಗಳಿವೆ, ಊರುಗಳು ಉಡುಗೊರೆ ತೋರಿಸಿ ಹಣ ಸೆಳೆಯಲು ಪೈಪೋಟಿಗೆ ಬಿದ್ದವು, ಸರ್ಕಾರ ನಿಯಮ ಬಿಗಿಗೊಳಿಸಬೇಕಾಯಿತು. ದೋಷದಿಂದ ಕಲಿಯಬೇಕಾದದ್ದು, ಹಂಚಿಕೆ ವ್ಯಕ್ತಿಯ ಆಯ್ಕೆಯ ಮೇಲೆ ನಿಂತರೆ ನಿಜವಾಗಿ ಬೇಕಾದ ಊರು ಹಿಂದೆ ಬೀಳುತ್ತದೆ ಎಂಬುದನ್ನು. ಆದ್ದರಿಂದ ನಮ್ಮಲ್ಲಿ ಅದು ಅಗತ್ಯದ ಅಳತೆಯ ಮೇಲೆ ನಿಲ್ಲಲಿ.

ಒಬ್ಬ ದಂಡನಾಯಕನ ದಾನ ಇಟಗಿಗೆ ಒಂದು ಗುಡಿ ಕೊಟ್ಟಿತು. ದಾನ ಕೊಡುವವನ ಮನಸ್ಸನ್ನು ಅವಲಂಬಿಸುತ್ತದೆ, ಅವನು ಹೋದ ಮೇಲೆ ನಿಂತುಹೋಗುತ್ತದೆ. ಪ್ರಜೆಗಳ ರಾಜ್ಯ ಅದಕ್ಕಿಂತ ಮೇಲಾದದ್ದನ್ನು ಮಾಡಬಲ್ಲದು. ಎಂ.ಜಿ. ರಸ್ತೆಯ ನೆಲದ ಬೆಲೆಯನ್ನು ಎಲ್ಲರೂ ಸೇರಿ ಬೆಳೆಸಿದ್ದಾರೆ. ಅದರ ಪಾಲನ್ನು ಯಾರ ಮುಂದೆಯೂ ಕೈಯೊಡ್ಡದೆ, ಹಕ್ಕಿನ ಲೆಕ್ಕದಲ್ಲಿ, ವರ್ಷ ತಪ್ಪದೆ ಪಡೆಯುವ ಕಾನೂನನ್ನು ನಾವು ಬರೆದುಕೊಳ್ಳಬೇಕು. ಪ್ರಾದೇಶಿಕ ಅಸಮತೋಲನದ ಸಮಿತಿಗಳಿಂದ ಇನ್ನೂ ಎಷ್ಟು ವರದಿ ಬೇಕು ಎಂಬುದು ಈಗ ಮುಖ್ಯವಲ್ಲ, ರೋಗ ಯಾವುದೆಂಬುದು 2002ರಿಂದ ತಿಳಿದಿದೆ. ಕಲ್ಯಾಣ ಕರ್ನಾಟಕದ ಶಾಸಕರು ಪಕ್ಷ ಮರೆತು ಒಂದೇ ಮಸೂದೆಯ ಬೆನ್ನಿಗೆ ನಿಂತರೆ, ಬೆಂಗಳೂರಿನ ನ್ಯಾಯಪರ ನಾಗರಿಕರು ಅದಕ್ಕೆ ದನಿಗೂಡಿಸಿದರೆ, ಇದು ಒಂದು ಅಧಿವೇಶನದಲ್ಲಿ ಆಗುವ ಕೆಲಸ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಪ್ರತಿಯೊಬ್ಬರಿಂದಲೂ ಯಲಬುರ್ಗಾ, ಕುಷ್ಟಗಿಯ ಮತದಾರರು ಕೇಳಬೇಕಾದ ಮೊದಲ ಭರವಸೆ ಇದೇ.